ವಿಮಾನದ ಹಿಂದಿನ ಆರ್ಭಟ: ಅದು ತಗ್ಗಿದ್ದು ಹೇಗೆ, ಕಿವಿ ಉಳಿಯುವುದು ಹೇಗೆ?

ಕಬಕ, ವಿಟ್ಲ, ಪುತ್ತೂರು ಕಡೆಯ ಅನೇಕ ಮನೆಗಳಿಗೆ ವಿಮಾನ ಎಂದರೆ ಆಕಾಶದಲ್ಲಿ ಹೋಗುವ ಹಕ್ಕಿಯಲ್ಲ, ಮನೆಯವರನ್ನು ಕೊಂಡುಹೋಗಿ ತಂದುಕೊಡುವ ಬಸ್ಸಿನ ಹಾಗೆ. ಗಲ್ಫಿಗೆ ಹೋದ ನಮ್ಮ ಹುಡುಗರಲ್ಲಿ ಅಂಗಡಿಯಲ್ಲಿರುವವರು, ಡ್ರೈವರುಗಳು ಇರುವಂತೆಯೇ ವಿಮಾನ ನಿಲ್ದಾಣದ ಅಂಗಳದಲ್ಲೇ ದುಡಿಯುವವರೂ ಇದ್ದಾರೆ. ಸಾಮಾನು ಏರಿಸುವವರು, ವಿಮಾನ ಗುಡಿಸಿ ಒರೆಸುವವರು, ಊಟದ ಗಾಡಿ ತರುವವರು, ವಿಮಾನವನ್ನು ಹಿಂದಕ್ಕೆ ತಳ್ಳುವ ಟ್ರಾಕ್ಟರ್ ಓಡಿಸುವವರು. ಎಂಟು ಹತ್ತು ಗಂಟೆ ಜೆಟ್ ಇಂಜಿನ್‌ನ ಪಕ್ಕದಲ್ಲೇ ಅವರ ಬದುಕು. ಸಂಬಳ, ಬಿಸಿಲು, ರೂಮಿನ ವಿಷಯವೆಲ್ಲ ಅವರು ಫೋನಿನಲ್ಲಿ ಹೇಳುತ್ತಾರೆ. ಕಿವಿಯ ವಿಷಯ ಹೇಳುವುದು ಕಡಿಮೆ, ಯಾಕೆಂದರೆ ಕಿವಿ ಹಾಳಾಗುವಾಗ ನೋಯುವುದಿಲ್ಲ.

ಈ ಬರಹ ಮೊದಲು ಅವರಿಗೆ, ಅವರ ಮನೆಯವರಿಗೆ. ಜೊತೆಗೆ ಬಜ್ಪೆ, ಕೆಂಜಾರು ಕಡೆ ನೆಂಟರಿರುವವರಿಗೆ, ಅಲ್ಲಿ ಜಾಗ ಕೊಳ್ಳಬೇಕೆಂದಿರುವವರಿಗೆ. ವಿಮಾನದ ಸದ್ದು ಎಲ್ಲಿ ಹುಟ್ಟುತ್ತದೆ, ಅದನ್ನು ಕಡಿಮೆ ಮಾಡಲು ಇಂಜಿನಿಯರುಗಳು ಏನು ಮಾಡಿದ್ದಾರೆ ಎಂಬುದು ತಿಳಿದರೆ, ನಮ್ಮ ಕಿವಿಗೆ ನಾವೇ ಏನು ಮಾಡಿಕೊಳ್ಳಬೇಕು ಎಂಬುದು ಸುಲಭವಾಗಿ ಅರ್ಥವಾಗುತ್ತದೆ.

ಬೈಕಿಗೆ ಸೈಲೆನ್ಸರ್ ಇದೆ, ವಿಮಾನಕ್ಕೆ ಯಾಕಿಲ್ಲ?

ಇದು ಮಕ್ಕಳು ಕೇಳುವ ಪ್ರಶ್ನೆ, ಆದರೆ ಒಳ್ಳೆಯ ಪ್ರಶ್ನೆ. ಬೈಕಿನ ಸದ್ದು ಇಂಜಿನ್‌ನ ಒಳಗೆ ಹುಟ್ಟುತ್ತದೆ. ಪೆಟ್ರೋಲ್ ಉರಿದು ಒಂದೊಂದೇ ಸಿಡಿತ ಆದಾಗ ಬಿಸಿ ಹೊಗೆ ತುಂಡು ತುಂಡಾಗಿ ಹೊರಗೆ ಬರುತ್ತದೆ. ಸೈಲೆನ್ಸರಿನ ಒಳಗಿರುವ ಕೋಣೆಗಳು, ತೂತುಗಳು ಆ ಸಿಡಿತಗಳ ಚುರುಕನ್ನು ಇಳಿಸಿ ಹೊರಗೆ ಬಿಡುತ್ತವೆ. ಆ ಕೋಣೆಗಳನ್ನು ಕಿತ್ತು ಹಾಕಿ ಖಾಲಿ ಕೊಳವೆ ಸಿಕ್ಕಿಸಿದವರ ಬೈಕ್ ರಾತ್ರಿ ಹನ್ನೊಂದು ಗಂಟೆಗೆ ಹೆದ್ದಾರಿಯಲ್ಲಿ ಹೋದರೆ ಏನಾಗುತ್ತದೆಂದು ಕಬಕ ಪೇಟೆಯವರಿಗೆ ಹೇಳಬೇಕಾಗಿಲ್ಲ.

ಜೆಟ್ ಇಂಜಿನ್‌ನ ಹಿಂಬದಿಯ ಸದ್ದು ಬೇರೆ ಜಾತಿಯದು. ಅದು ಇಂಜಿನ್‌ನ ಒಳಗೆ ಹುಟ್ಟುವುದಿಲ್ಲ, ಇಂಜಿನ್ ದಾಟಿದ ಮೇಲೆ ಬಯಲಿನಲ್ಲಿ ಹುಟ್ಟುತ್ತದೆ. ಬಾಲದಿಂದ ಭಾರೀ ವೇಗದಲ್ಲಿ ನುಗ್ಗುವ ಬಿಸಿಗಾಳಿ ಹೊರಗೆ ಸುಮ್ಮನೆ ನಿಂತಿರುವ ಗಾಳಿಗೆ ಉಜ್ಜುತ್ತದೆ. ಉಜ್ಜಿದಲ್ಲೆಲ್ಲ ಸುಳಿಗಳು ಏಳುತ್ತವೆ, ಒಂದನ್ನೊಂದು ನುಂಗುತ್ತವೆ, ಒಡೆಯುತ್ತವೆ. ನೇತ್ರಾವತಿಯ ಮಳೆಗಾಲದ ನೀರು ಸೇತುವೆಯ ಕಂಬ ದಾಟಿದ ಮೇಲೆ ಹೇಗೆ ಸುಳಿಸುಳಿಯಾಗುತ್ತದೋ ಹಾಗೆ. ಈ ಸುಳಿಗಳ ಗಲಾಟೆಯೇ ನಮಗೆ ಕೇಳಿಸುವ ಗುಡುಗು. ಇದು ಇಂಜಿನ್‌ನ ಬಾಯಿಯಿಂದ ಹಿಂದಕ್ಕೆ ಹಲವು ಮೀಟರ್ ಉದ್ದಕ್ಕೆ ನಡೆಯುತ್ತದೆ. ಬಯಲಿನಲ್ಲಿ ಹುಟ್ಟುವ ಸದ್ದಿಗೆ ಸೈಲೆನ್ಸರ್ ಎಲ್ಲಿ ಸಿಕ್ಕಿಸುವುದು?

ನಿಂತಲ್ಲೇ ನಿಲ್ಲುವ ಇಂಜಿನ್ನಿಗಾದರೆ ಅದೂ ಸಾಧ್ಯ. ಇಂಜಿನ್ ಪರೀಕ್ಷಿಸುವ ಕಾರ್ಖಾನೆಗಳಲ್ಲಿ ದಪ್ಪ ಗೋಡೆಯ ಕೋಣೆ ಕಟ್ಟಿ, ಹಿಂದಿನ ಬಿಸಿಗಾಳಿಯನ್ನು ಸದ್ದು ಹೀರುವ ದೊಡ್ಡ ಸುರಂಗದ ಮೂಲಕ ಹೊರಗೆ ಬಿಡುತ್ತಾರೆ. ರಾಕೆಟ್ ಹಾರಿಸುವಾಗ ಉಡಾವಣಾ ವೇದಿಕೆಗೆ ಧಾರಾಕಾರ ನೀರು ಸುರಿಯುವುದನ್ನು ಟೀವಿಯಲ್ಲಿ ನೋಡಿರಬಹುದು. ಬೆಂಕಿ ಆರಿಸಲು ಎಂದು ಹಲವರು ತಿಳಿದಿದ್ದಾರೆ. ಅದರ ಮುಖ್ಯ ಕೆಲಸಗಳಲ್ಲಿ ಒಂದು ಸದ್ದನ್ನು ಇಳಿಸುವುದು. ರಾಕೆಟ್‌ನ ಸದ್ದಿಗೆ ಉಪಗ್ರಹದ ಸೂಕ್ಷ್ಮ ಭಾಗಗಳೇ ಅಲುಗಿ ಕೆಡಬಹುದು. ಅದಕ್ಕಾಗಿಯೇ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ಅಂದರೆ ಎನ್‌ಎಎಲ್‌ನಲ್ಲಿ, ಅಂತಹ ಭಾಗಗಳನ್ನು ಕೋಣೆಯೊಳಗಿಟ್ಟು ಭೀಕರ ಸದ್ದು ಹೊಡೆಸಿ ಪರೀಕ್ಷಿಸುವ ಏರ್ಪಾಡಿದೆ. ಲೋಹವೇ ತಡೆಯದ ಸದ್ದು ಎಂದ ಮೇಲೆ ಕಿವಿಯ ಪಾಡು ಯೋಚಿಸಿ.

ಆದರೆ ಹಾರುವ ವಿಮಾನಕ್ಕೆ ಕೋಣೆಯನ್ನೂ ಕಟ್ಟಲಾಗದು, ನೀರನ್ನೂ ಸುರಿಯಲಾಗದು. ಬೇರೆ ದಾರಿ ಹುಡುಕಬೇಕಾಯಿತು.

ನಿಮ್ಮ ಬಾಯಿಯಲ್ಲೇ ಇದೆ ಉತ್ತರ

ಅಂಗೈಯನ್ನು ಬಾಯಿಯ ಮುಂದೆ ಹಿಡಿಯಿರಿ. ಕನ್ನಡಿ ಒರೆಸುವ ಮೊದಲು ಆವಿ ಹಿಡಿಸಲು ಬಿಡುತ್ತೇವಲ್ಲ, ಹಾಗೆ ಬಾಯಿ ಅಗಲ ಮಾಡಿ ‘ಹಾ’ ಎಂದು ಉಸಿರು ಬಿಡಿ. ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಈಗ ತುಟಿ ಕಿರಿದು ಮಾಡಿ, ಒಲೆ ಊದುವ ಹಾಗೆ ‘ಫೂ’ ಎಂದು ಜೋರಾಗಿ ಊದಿ. ಅದೇ ಎದೆಯ ಗಾಳಿ. ಆದರೆ ಕಿರಿದಾದ ಬಾಯಿಯಿಂದ ವೇಗವಾಗಿ ಹೊರಟಾಗ ಸುಯ್ಯೆನ್ನುತ್ತದೆ. ಅಡಿಕೆಗೆ ಮದ್ದು ಬಿಡುವವರಿಗೂ ಇದು ಗೊತ್ತು. ಪೈಪಿನ ತುದಿಯ ನಾಝಲ್ ಕಳಚಿದರೆ ದ್ರಾವಣ ಧೊಪ್ಪೆಂದು ಸುರಿಯುತ್ತದೆ, ಸಿಕ್ಕಿಸಿದರೆ ಸಿಳ್ಳು ಹಾಕುತ್ತ ಮೇಲಕ್ಕೆ ಚಿಮ್ಮುತ್ತದೆ.

ವೇಗ ಮತ್ತು ಸದ್ದಿನ ನಡುವಿನ ಈ ಸಂಬಂಧವನ್ನು ಲೆಕ್ಕದಲ್ಲಿ ಹಿಡಿದವರು ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್. 1952ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತದಿಂದ ಬಂದ ಫಲಿತಾಂಶ ಹೀಗೆ: ಜೆಟ್‌ನ ಸದ್ದಿನ ಶಕ್ತಿ ಅದರ ವೇಗದ ಎಂಟನೆಯ ಘಾತದಂತೆ ಏರುತ್ತದೆ. ಎಂಟನೆಯ ಘಾತ ಎಂದರೆ ಎಷ್ಟು ಎಂದು ಅಂದಾಜು ಸಿಗಬೇಕಾದರೆ ಎರಡನ್ನು ಎಂಟು ಸಲ ಗುಣಿಸಿ ನೋಡಿ: 256. ಗಾಳಿಯ ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ 256 ಪಟ್ಟು. ಸಂತೋಷದ ವಿಷಯವೆಂದರೆ ಲೆಕ್ಕ ಹಿಂದಕ್ಕೂ ನಡೆಯುತ್ತದೆ. ವೇಗ ಅರ್ಧವಾದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ವೇಗ ಇಳಿಸಿದರೆ ವಿಮಾನ ಹಾರುವುದು ಹೇಗೆ ಎನ್ನುತ್ತೀರಾ? ವಿಮಾನವನ್ನು ಮುಂದಕ್ಕೆ ದೂಡುವ ಬಲ ಎರಡು ವಸ್ತುಗಳಿಂದ ಬರುತ್ತದೆ. ಎಷ್ಟು ಗಾಳಿಯನ್ನು ಹಿಂದಕ್ಕೆ ಎಸೆದಿರಿ, ಎಷ್ಟು ವೇಗದಲ್ಲಿ ಎಸೆದಿರಿ. ಸ್ವಲ್ಪ ಗಾಳಿಯನ್ನು ಸಿಟ್ಟಿನಿಂದ ಎಸೆಯಬಹುದು, ಅಥವಾ ಬಹಳ ಗಾಳಿಯನ್ನು ಸಮಾಧಾನದಿಂದ ತಳ್ಳಬಹುದು. ಎರಡರಲ್ಲೂ ವಿಮಾನ ಅಷ್ಟೇ ಮುಂದೆ ಹೋಗುತ್ತದೆ. ವೇಗ ಅರ್ಧ ಮಾಡಿ ಗಾಳಿಯನ್ನು ಎರಡು ಪಟ್ಟು ಮಾಡಿದರೆ, ಗಾಳಿ ಹೊರಡುವ ಬಾಯಿ ನಾಲ್ಕು ಪಟ್ಟು ಅಗಲವಾಗಬೇಕಾಗುತ್ತದೆ. ಬಾಯಿ ಅಗಲವಾದ್ದರಿಂದ ಸದ್ದು ನಾಲ್ಕು ಪಟ್ಟು ಏರುತ್ತದೆ, ವೇಗ ಇಳಿದದ್ದರಿಂದ 256 ಪಟ್ಟು ಇಳಿಯುತ್ತದೆ. ಕೊನೆಗೆ ಉಳಿಯುವುದು 64ರಲ್ಲಿ ಒಂದು ಪಾಲು. ಡೆಸಿಬಲ್ ಲೆಕ್ಕದಲ್ಲಿ ಸುಮಾರು 18 ಕಡಿಮೆ.

ಡೆಸಿಬಲ್ ಬಗ್ಗೆ ಇಲ್ಲೇ ಒಂದು ಮಾತು. ಅದು ಸೇರು, ಲೀಟರ್‌ನ ಹಾಗೆ ನೇರ ಅಳತೆಯಲ್ಲ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು. ಆದರೆ ನಮ್ಮ ಕಿವಿಗೆ 10 ಡೆಸಿಬಲ್ ಏರಿಕೆ ಎರಡು ಪಟ್ಟು ಜೋರಾದಂತೆ ಮಾತ್ರ ಅನಿಸುತ್ತದೆ. ಮೋಸ ಇರುವುದು ಇಲ್ಲಿಯೇ. ಹತ್ತು ಪಟ್ಟು ಪೆಟ್ಟು ಬೀಳುವಾಗ ಕಿವಿ ಎರಡು ಪಟ್ಟು ಎಂದು ವರದಿ ಮಾಡುತ್ತದೆ.

ಬೊಂಬಾಯಿ ಕಾಲದಿಂದ ಬಜ್ಪೆ ಕಾಲಕ್ಕೆ

ನಮ್ಮ ಹಿರಿಯರು ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಿದ್ದ ಕಾಲವೊಂದಿತ್ತು. ಏರ್ ಇಂಡಿಯಾಕ್ಕೆ ಬೋಯಿಂಗ್ 707 ಬಂದದ್ದು 1960ರಲ್ಲಿ. ಆ ಪೀಳಿಗೆಯ ಇಂಜಿನ್ ಸಣ್ಣದು, ತೆಳ್ಳಗಿನದು. ಒಳಗೆ ಹೋದ ಗಾಳಿಯಲ್ಲಿ ಹೆಚ್ಚಿನ ಪಾಲು ಉರಿಯುವ ಕೋಣೆಗೇ ಹೋಗಿ, ಶಬ್ದದ ವೇಗವನ್ನೂ ಮೀರಿ ಹಿಂದಕ್ಕೆ ನುಗ್ಗುತ್ತಿತ್ತು. ‘ಫೂ’ ಜಾತಿಯ ಇಂಜಿನ್. ಆ ಸದ್ದಿಗೆ ಮದ್ದು ಎಂದು ಬಾಲದ ಒಂದು ದೊಡ್ಡ ಬಾಯಿಯ ಬದಲು ಹಲವು ಸಣ್ಣ ಕೊಳವೆಗಳನ್ನೋ ಹೂವಿನ ಎಸಳಿನಂತೆ ಮಡಿಚಿದ ಅಂಚನ್ನೋ ಕೂರಿಸುತ್ತಿದ್ದರು. ಒಂದು ದೊಡ್ಡ ಜೆಟ್ ಹಲವು ಸಣ್ಣ ಜೆಟ್‌ಗಳಾದರೆ ಸದ್ದು ಕೀರಲಾಗುತ್ತದೆ. ಕೀರಲು ಸದ್ದನ್ನು ಗಾಳಿ ಬೇಗ ಹೀರಿಕೊಳ್ಳುತ್ತದೆ, ದೂರದ ಊರಿಗೆ ಅದು ತಲುಪುವುದು ಕಡಿಮೆ. ಉಪಾಯ ಜಾಣತನದ್ದೇ. ಆದರೆ ಭಾರ ಹೆಚ್ಚಿತು, ತಳ್ಳುವ ಬಲ ಸೋರಿಹೋಯಿತು, ಎಣ್ಣೆ ಖರ್ಚು ಏರಿತು. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಅಷ್ಟೇ.

ನಿಜವಾದ ಬದಲಾವಣೆ ಬಂದದ್ದು ಇಂಜಿನ್‌ನ ಮುಂದೆ ದೊಡ್ಡ ಫ್ಯಾನ್ ಕೂರಿಸಿದಾಗ. ಆ ಫ್ಯಾನ್ ಎಳೆದುಕೊಂಡ ಗಾಳಿಯಲ್ಲಿ ಒಂದು ಸಣ್ಣ ಪಾಲು ಮಾತ್ರ ಬೆಂಕಿಯ ಕಡೆಗೆ ಹೋಗುತ್ತದೆ. ಉಳಿದದ್ದು ಉರಿಯದೆ, ಹೊರಸುತ್ತಿನ ದಾರಿಯಲ್ಲಿ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆ. ಹೊರಗೆ ಹೋಗುವ ಗಾಳಿ ಒಳಗೆ ಹೋಗುವ ಗಾಳಿಯ ಎಷ್ಟು ಪಟ್ಟು ಎಂಬುದನ್ನು ಬೈಪಾಸ್ ಅನುಪಾತ ಎನ್ನುತ್ತಾರೆ. ಪೇಟೆಯೊಳಗೆ ಹೋಗದೆ ಬೈಪಾಸ್ ರಸ್ತೆಯಲ್ಲಿ ಹೋದ ಗಾಡಿಗಳ ಲೆಕ್ಕ ಎಂದುಕೊಳ್ಳಿ. ಏರ್ ಇಂಡಿಯಾದ ಆ 707ರಲ್ಲಿ ಇದು ಒಂದಕ್ಕಿಂತಲೂ ಬಹಳ ಕಡಿಮೆ. ಇಂಡಿಯನ್ ಏರ್‌ಲೈನ್ಸ್ 1970ರ ದಶಕದಲ್ಲಿ ಹಾರಿಸುತ್ತಿದ್ದ ಬೋಯಿಂಗ್ 737-200ರಲ್ಲಿ ಸುಮಾರು ಒಂದು, ಅದರ ಫ್ಯಾನ್ ಸುಮಾರು ಒಂದು ಮೀಟರ್ ಅಗಲ. 2006ರಲ್ಲಿ ಮಂಗಳೂರಿನಿಂದ ನೇರ ಗಲ್ಫ್ ವಿಮಾನ ಶುರುವಾದ ಮೇಲೆ ನಮ್ಮವರು ಹೆಚ್ಚಾಗಿ ಹತ್ತಿದ 737-800ರಲ್ಲಿ ಈ ಅನುಪಾತ ಐದರ ಆಸುಪಾಸು, ಫ್ಯಾನ್ ಒಂದೂವರೆ ಮೀಟರ್. ಕೆಲವು ವರ್ಷಗಳಿಂದ ಕಾಣುತ್ತಿರುವ 737 ಮ್ಯಾಕ್ಸ್‌ನಲ್ಲಿ ಸುಮಾರು ಒಂಬತ್ತು. ಏರ್‌ಬಸ್ ಎ320 ನಿಯೋದ ಒಂದು ಬಗೆಯ ಇಂಜಿನ್‌ನಲ್ಲಿ ಹನ್ನೆರಡು, ಫ್ಯಾನ್ ಎರಡು ಮೀಟರ್ ಅಗಲ. ‘ಫೂ’ ಹೋಗಿ ‘ಹಾ’ ಬಂತು.

ಅಜ್ಜ ಹತ್ತಿದ ವಿಮಾನಕ್ಕೂ ಮೊಮ್ಮಗ ಹತ್ತುವ ವಿಮಾನಕ್ಕೂ ಸದ್ದಿನಲ್ಲಿ ಸುಮಾರು 20 ಡೆಸಿಬಲ್ ಅಂತರ ಇದೆ. ಕಿವಿಗೆ ಕಾಲು ಭಾಗದಷ್ಟೇ ಕೇಳಿಸಿದ ಹಾಗೆ. ಇದೆಲ್ಲ ವಿಮಾನ ನಿಲ್ದಾಣದ ನೆರೆಹೊರೆಯ ಮೇಲಿನ ಕರುಣೆಯಿಂದ ಆಯಿತು ಎಂದು ತಿಳಿಯಬೇಡಿ. ಬಹಳ ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಎಣ್ಣೆಯೂ ಉಳಿಯುತ್ತದೆ. ಕಂಪೆನಿಯ ಕಿಸೆಗೆ ಲಾಭವಾದದ್ದು ನಮ್ಮ ಕಿವಿಗೂ ಲಾಭವಾಯಿತು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1971ರಿಂದ ಸದ್ದಿನ ಮಿತಿಗಳನ್ನು ಹಾಕಿ, ಆಗಾಗ ಬಿಗಿ ಮಾಡುತ್ತ ಬಂದದ್ದೂ ನೆರವಾಯಿತು.

ಇನ್ನೊಂದು ಸಣ್ಣ ಕೆಲಸವನ್ನು ನೀವೇ ಕಣ್ಣಾರೆ ನೋಡಬಹುದು. ಮುಂದಿನ ಸಲ ಬಜ್ಪೆಗೆ ಹೋದಾಗ 737 ಮ್ಯಾಕ್ಸ್ ನಿಂತಿದ್ದರೆ ಅದರ ಇಂಜಿನ್ ಗೂಡಿನ ಹಿಂದಿನ ಅಂಚು ಗಮನಿಸಿ. ನೇರವಾಗಿ ಕತ್ತರಿಸಿದಂತೆ ಇರುವುದಿಲ್ಲ, ಗರಗಸದ ಹಲ್ಲಿನಂತೆ ಇರುತ್ತದೆ. ಹಳೆಯ 737-800ರಲ್ಲಿ ಹಲ್ಲುಗಳಿಲ್ಲ. ಇದು ಅಲಂಕಾರವಲ್ಲ. ವೇಗದ ಗಾಳಿ ಮತ್ತು ಹೊರಗಿನ ಗಾಳಿ ಒಮ್ಮೆಲೆ ಡಿಕ್ಕಿ ಹೊಡೆಯದೆ ಮೆಲ್ಲಮೆಲ್ಲನೆ ಬೆರೆಯಲಿ, ದೊಡ್ಡ ಸುಳಿಗಳು ಏಳದಿರಲಿ ಎಂದು ಈ ಹಲ್ಲು. ಅಮೆರಿಕದ ನಾಸಾ 1990ರ ದಶಕದಲ್ಲಿ ಇದರ ಮೇಲೆ ಬಹಳ ಪ್ರಯೋಗ ನಡೆಸಿತು. ಸಿಗುವ ಲಾಭ ಎರಡು ಮೂರು ಡೆಸಿಬಲ್. ಕಡಿಮೆ ಎನಿಸಬಹುದು, ಆದರೆ ಮೂರು ಡೆಸಿಬಲ್ ಎಂದರೆ ಸದ್ದಿನ ಶಕ್ತಿ ಅರ್ಧ ಎಂದು ಮೇಲೆ ನೋಡಿದ್ದೇವೆ.

ಯುದ್ಧ ವಿಮಾನಗಳಿಗೆ ಈ ಯಾವ ಉಪಕಾರವೂ ತಾಗಿಲ್ಲ. ಅವಕ್ಕೆ ತೆಳ್ಳಗಿನ ಇಂಜಿನ್, ಭಯಂಕರ ವೇಗದ ಜೆಟ್ ಬೇಕೇ ಬೇಕು. ಬೆಂಗಳೂರಿನ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರಿದ್ದೀರಿ. ಹೋಗಿ, ನೋಡಬೇಕಾದ್ದೇ. ಆದರೆ ಮಗುವಿನ ಕಿವಿಗೆ ಅಳತೆಯ ಇಯರ್ ಮಫ್ ಇಲ್ಲದೆ ಹೋಗಬೇಡಿ. ಅಂಗೈಯಿಂದ ಕಿವಿ ಮುಚ್ಚುವುದು ವಿಮಾನ ಬಂದ ಮೇಲೆ ನೆನಪಾಗುವ ಕೆಲಸ.

ರನ್‌ವೇ ಬಳಿಯ ಊರು

ಮನೆಯಿಂದ ವಿಮಾನದ ಸದ್ದು ಕೇಳುವವರು ಒಂದು ವಿಷಯ ಗಮನಿಸಿರಬಹುದು. ವಿಮಾನ ಎದುರಿನಿಂದ ಬರುವಾಗ ಸೂಯ್ ಎಂಬ ಕೀರಲು ಸದ್ದು, ತಲೆಯ ಮೇಲಿನಿಂದ ದಾಟಿಹೋದ ಮೇಲೆ ದಪ್ಪ ಗುಡುಗು. ಮೊದಲನೆಯದು ಮುಂದಿನ ಫ್ಯಾನ್‌ನದು. ಎರಡನೆಯದು ಹಿಂದಿನ ಜೆಟ್‌ನದು, ಅದು ಓರೆಯಾಗಿ ಹಿಂಬದಿಗೆ ಹೆಚ್ಚು ಚೆಲ್ಲುತ್ತದೆ. ಫ್ಯಾನ್‌ನ ಸದ್ದನ್ನು ಇಂಜಿನ್ ಗೂಡಿನ ಒಳಗೋಡೆಗೆ ಜೇನುಗೂಡಿನಂತಹ ಪದರ ಹೊದಿಸಿ ಹೀರಿಸುತ್ತಾರೆ. ಜೆಟ್ ಗುಡುಗು ವಿಮಾನ ಏರುವಾಗ ಹೆಚ್ಚು, ಇಳಿಯುವಾಗ ಇಂಜಿನ್ ಹಗುರ. ಇಳಿಯುವಾಗ ಕೇಳುವುದರಲ್ಲಿ ಚಕ್ರ, ರೆಕ್ಕೆಯ ಮಡಿಕೆಗಳಿಗೆ ಗಾಳಿ ಬಡಿಯುವ ಸದ್ದೂ ಬಹಳ.

ಮಂಗಳೂರು ನಿಲ್ದಾಣ ಗುಡ್ಡದ ತಲೆಯ ಮೇಲಿದೆ, ಮನೆಗಳು ಕೆಳಗಿನ ಕಣಿವೆಗಳಲ್ಲೂ ಇವೆ. ದೊಡ್ಡ ರನ್‌ವೇ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿದೆ. ಆ ಗೆರೆಯನ್ನು ಎರಡೂ ಕಡೆ ಉದ್ದಕ್ಕೆ ಎಳೆದರೆ ಅದರ ಕೆಳಗೆ ಬರುವ ಮನೆಗಳಿಗೆ ಸದ್ದು ಹೆಚ್ಚು. ರನ್‌ವೇಯ ಪಕ್ಕದಲ್ಲಿದ್ದು ಗೆರೆಯಿಂದ ದೂರ ಇರುವವರಿಗೆ ಹೋಲಿಕೆಯಲ್ಲಿ ಕಡಿಮೆ. ಅಲ್ಲಿ ಜಾಗ ನೋಡುವವರು ನಿಲ್ದಾಣಕ್ಕೆ ಎಷ್ಟು ಕಿಲೋಮೀಟರ್ ಎಂದು ಕೇಳಿ ಬರುತ್ತಾರೆ. ಗೆರೆಯಿಂದ ಎಷ್ಟು ದೂರ ಎಂದು ಕೇಳಬೇಕು. ರಾತ್ರಿ ಎರಡು ಗಂಟೆಗೆ ಒಮ್ಮೆ ಅಲ್ಲಿ ನಿಂತು ಕಿವಿಗೊಡುವುದು ಬ್ರೋಕರನ ಮಾತಿಗಿಂತ ಒಳ್ಳೆಯದು. ನಮ್ಮ ಕಬಕ ಆ ರನ್‌ವೇಯಿಂದ ದೂರ, ವಿಮಾನ ಇಲ್ಲಿ ತೊಂದರೆಯಲ್ಲ. ಇಲ್ಲಿಯ ಸದ್ದಿಗೆ ಹೆದ್ದಾರಿ, ರೈಲು, ಮೈಕುಗಳಿವೆ.

ಸುತ್ತ ಮರ ಬೆಳೆಸಿದರೆ ಸದ್ದು ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅಡಿಕೆ ತೋಟ ನೆರಳು ಕೊಡುತ್ತದೆ, ದುಡ್ಡು ಕೊಡುತ್ತದೆ, ಆದರೆ ಮೇಲಿನಿಂದ ಬೀಳುವ ಸದ್ದನ್ನು ತಡೆಯಲಾರದು. ಕಿಟಕಿ ಸ್ವಲ್ಪ ತೆರೆದಿದ್ದರೆ ಹೊರಗಿನ ಸದ್ದಿಗಿಂತ ಒಳಗೆ ಸುಮಾರು 15 ಡೆಸಿಬಲ್ ಕಡಿಮೆ, ಸರಿಯಾಗಿ ಮುಚ್ಚಿದರೆ 20ರಿಂದ 25. ಕರಾವಳಿಯ ಸೆಕೆಯಲ್ಲಿ ಕಿಟಕಿ ಮುಚ್ಚಿ ಮಲಗು ಎನ್ನುವುದು ಸುಲಭದ ಸಲಹೆಯಲ್ಲ ಎಂದು ಗೊತ್ತಿದೆ. ಹಂಚಿನ ಮಾಡಿನ ಸಂದುಗಳಿಂದ ಸದ್ದು ಸುಲಭವಾಗಿ ಒಳಗೆ ಬರುತ್ತದೆ, ಕಾಂಕ್ರೀಟ್ ಚಪ್ಪಡಿ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಹೊಸ ಮನೆ ಕಟ್ಟುವವರು ಮಲಗುವ ಕೋಣೆಯ ಕಿಟಕಿಯನ್ನು ವಿಮಾನ ಹೋಗುವ ದಾರಿಯ ಕಡೆಗೆ ಇಡದಿದ್ದರೆ ಅಷ್ಟಾದರೂ ಲಾಭ.

ಕಾನೂನಿನಲ್ಲಿ ಏನಿದೆ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ವಿಮಾನ ನಿಲ್ದಾಣಗಳ ಸುತ್ತಲಿನ ವಲಯಕ್ಕೆ 2018ರಲ್ಲಿ ಬೇರೆಯೇ ಮಿತಿ ಬಂತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಸಲ ವಿಮಾನ ಏರಿ ಇಳಿಯುವ ಕಡೆ ಹಗಲು 70, ರಾತ್ರಿ 65. ಅದಕ್ಕಿಂತ ಸಣ್ಣ ನಿಲ್ದಾಣಗಳಲ್ಲಿ 65 ಮತ್ತು 60. ಮಂಗಳೂರು ಈ ಎರಡನೆಯ ಗುಂಪಿನದು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಯುರೋಪ್ ವಲಯಕ್ಕೆ ಕೊಟ್ಟ ಶಿಫಾರಸಿನಲ್ಲಿ ವಿಮಾನದ ಸದ್ದು ದಿನದ ಸರಾಸರಿಯಲ್ಲಿ 45, ರಾತ್ರಿಯಲ್ಲಿ 40 ಮೀರಬಾರದು ಎಂದಿದೆ. ಅಳೆಯುವ ವಿಧಾನದಲ್ಲಿ ವ್ಯತ್ಯಾಸವಿದ್ದರೂ ಇವೆರಡರ ನಡುವಿನ ಕಂದಕ ದೊಡ್ಡದು. ನಮ್ಮ ಮಿತಿ ನಿಲ್ದಾಣದ ಅನುಕೂಲ ನೋಡಿ ಬರೆದದ್ದು, ನಿದ್ದೆಯ ಅನುಕೂಲ ನೋಡಿ ಅಲ್ಲ ಎಂದೇ ಅನಿಸುತ್ತದೆ.

ರಾತ್ರಿಯ ಸದ್ದು ನಿದ್ದೆಯನ್ನು ಪೂರ್ತಿ ಮುರಿಯದಿದ್ದರೂ ದೇಹವನ್ನು ಎಬ್ಬಿಸುತ್ತದೆ. ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಬೆಳಿಗ್ಗೆ ನಿಮಗೆ ನೆನಪಿರುವುದಿಲ್ಲ. ವರ್ಷಗಟ್ಟಲೆ ಹೀಗಾದವರಲ್ಲಿ ರಕ್ತದೊತ್ತಡ ಮತ್ತು ಹೃದಯದ ಕಾಯಿಲೆ ಹೆಚ್ಚು ಎಂದು ಅಧ್ಯಯನಗಳು ಹೇಳಿವೆ. ಮಕ್ಕಳ ವಿಷಯದಲ್ಲಿ ಇನ್ನೂ ಸ್ಪಷ್ಟ. ಲಂಡನ್, ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್ ನಿಲ್ದಾಣಗಳ ಬಳಿಯ ಶಾಲೆಗಳ 9-10 ವರ್ಷದ 2,844 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಶಾಲೆಯಲ್ಲಿ ವಿಮಾನದ ಸದ್ದು ಹೆಚ್ಚಿದಂತೆ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಕುಗ್ಗಿತ್ತು. ಜರ್ಮನಿಯ ಮ್ಯೂನಿಕ್‌ನಲ್ಲಿ 1992ರಲ್ಲಿ ಹಳೆಯ ನಿಲ್ದಾಣ ಮುಚ್ಚಿ ಬೇರೆ ಕಡೆ ಹೊಸದು ತೆರೆದಾಗ ಸಂಶೋಧಕರಿಗೆ ಅಪರೂಪದ ಅವಕಾಶ ಸಿಕ್ಕಿತು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದು, ನೆನಪು ಕುಸಿಯಿತು. ಹಳೆಯದರ ಬಳಿಯ ಮಕ್ಕಳದ್ದು ಮೆಲ್ಲನೆ ಸುಧಾರಿಸಿತು. ಮಕ್ಕಳ ಮಿದುಳಿಗೆ ಪೆಟ್ಟು ತಾಗಿದರೂ ಸದ್ದು ನಿಂತರೆ ಚೇತರಿಕೆ ಇದೆ ಎಂಬುದು ಇದರ ಸಮಾಧಾನದ ಭಾಗ. 2008ರ ಮೇಯಲ್ಲಿ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೋದಾಗಲೂ ಇಂತಹದೇ ಅದಲುಬದಲು ನಡೆಯಿತು. ಮುರುಗೇಶಪಾಳ್ಯದ ಕಡೆಯ ಮನೆಗಳಿಗೆ ಬಿಡುವು ಸಿಕ್ಕಿತು, ದೇವನಹಳ್ಳಿಯ ಹಳ್ಳಿಗಳಿಗೆ ಸದ್ದು ಬಂತು.

ಕಿವಿಗೆ ಮಾತ್ರ ಆ ಚೇತರಿಕೆ ಇಲ್ಲ

ಒಳಕಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಸಣ್ಣ ಅಂಗವಿದೆ. ಅದರೊಳಗೆ ಸುಮಾರು 15,000 ಕೂದಲಿನಂತಹ ಕೋಶಗಳು ಸಾಲಾಗಿ ನಿಂತಿವೆ. ಸದ್ದು ಬಂದಾಗ ಅವು ಗದ್ದೆಯ ಪೈರಿನಂತೆ ಬಾಗಿ ಏಳುತ್ತವೆ, ಆ ಬಾಗುವಿಕೆಯೇ ಮಿದುಳಿಗೆ ಸುದ್ದಿ. ಸದ್ದು ಅತಿಯಾದಾಗ ಬಾಗಿದ್ದು ಏಳುವುದಿಲ್ಲ. ಚರ್ಮದ ಹಾಗೆ, ಮುರಿದ ಎಲುಬಿನ ಹಾಗೆ ಇದು ಮತ್ತೆ ಬೆಳೆಯುವುದಿಲ್ಲ. ಮಾತ್ರೆಯಿಲ್ಲ, ಆಪರೇಷನ್‌ನಿಂದ ಹಿಂದಿನಂತೆ ಆಗುವುದೂ ಇಲ್ಲ.

ಎಂಟು ಗಂಟೆಯ ಕೆಲಸಕ್ಕೆ 85 ಡೆಸಿಬಲ್ ಎಂಬುದು ಸುರಕ್ಷತೆಯ ಗೆರೆ ಎಂದು ತಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಲ್ಲಿಂದ ಮೂರು ಡೆಸಿಬಲ್ ಏರಿದರೆ ಸಮಯ ಅರ್ಧ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದು ನಿಮಿಷ. ಇಂಜಿನ್ ಓಡುತ್ತಿರುವ ಜೆಟ್‌ನ ಬಳಿ ನೂರನ್ನು ದಾಟುವುದು ಕಷ್ಟವೇನಲ್ಲ. ಫ್ಯಾನ್ ದೊಡ್ಡದಾಗಿ ಸದ್ದು ಇಳಿದಿದೆ ನಿಜ, ಆದರೆ ಅದರಿಂದ ಹೆಚ್ಚು ಲಾಭವಾದದ್ದು ದೂರದ ಮನೆಗಳಿಗೆ. ಪಕ್ಕದಲ್ಲಿ ನಿಂತವರಿಗೆ ಅದು ಸಾಲದು. ಇಂಜಿನ್ ನಿಂತ ಮೇಲೂ ವಿಮಾನದ ಬಾಲದಲ್ಲಿರುವ ಸಣ್ಣ ಸಹಾಯಕ ಇಂಜಿನ್ ಓಡುತ್ತಿರುತ್ತದೆ, ಅದರ ಕೀರಲನ್ನು ಅನೇಕರು ಸದ್ದೆಂದೇ ಎಣಿಸುವುದಿಲ್ಲ.

ಅಲ್ಲಿ ದುಡಿಯುವ ನಿಮ್ಮ ಮಗನಿಗೋ ತಮ್ಮನಿಗೋ ಇಷ್ಟು ತಿಳಿಸಿ. ಕಿವಿಗೆ ಹತ್ತಿ ತುರುಕುವುದು ರಕ್ಷಣೆಯಲ್ಲ, ಅದು ತಡೆಯುವುದು ಅತ್ಯಲ್ಪ. ಸ್ಪಂಜಿನಂತಹ ಇಯರ್ ಪ್ಲಗ್ ಅನ್ನು ಒಣಗಿದ ಶುದ್ಧ ಕೈಯಿಂದ ಬೀಡಿ ಸುತ್ತಿದಂತೆ ತೆಳ್ಳಗೆ ಸುತ್ತಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಇಡಬೇಕು. ಅದು ಉಬ್ಬುವ ತನಕ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಅರ್ಧ ಹೊರಗೆ ನೇತಾಡುವ ಪ್ಲಗ್ ಹಾಕಿದರೂ ಹಾಕದಂತೆ. ಓಡುವ ಇಂಜಿನ್‌ನ ಹತ್ತಿರ ಕೆಲಸವಿದ್ದರೆ ಪ್ಲಗ್‌ನ ಮೇಲೆ ಇಯರ್ ಮಫ್ ಕೂಡ ಬೇಕು.

ಇದರಲ್ಲಿ ಕಷ್ಟ ಎಲ್ಲಿದೆ ಎಂದರೆ ಬಿಸಿಲಿನಲ್ಲಿ. ಗಲ್ಫಿನ ಬೇಸಗೆಯಲ್ಲಿ ಮಫ್‌ನ ಒಳಗೆ ಬೆವರು ನಿಲ್ಲುತ್ತದೆ, ಕಿವಿ ತುರಿಸುತ್ತದೆ. ಸ್ವಲ್ಪ ಹೊತ್ತು ತೆಗೆದಿಡೋಣ ಎನಿಸುತ್ತದೆ. ಎಂಟು ಗಂಟೆಯಲ್ಲಿ ಅರ್ಧ ಗಂಟೆ ತೆಗೆದರೂ ಉಳಿದ ಹೊತ್ತಿನ ರಕ್ಷಣೆಯ ಬಹುಪಾಲು ನೀರುಪಾಲು. ಹಾಗಾಗಿ ತುರಿಕೆಯ ಮೂಲವನ್ನೇ ನೋಡಬೇಕು. ಒದ್ದೆ ಕಿವಿಗೆ ಪ್ಲಗ್ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಕಿವಿಯಲ್ಲಿ ಬೆಳೆಯುವ ಈ ಬೂಷ್ಟು ನಮ್ಮ ಕರಾವಳಿಯಲ್ಲೂ ಮಾಮೂಲು. ಸ್ನಾನ, ವುಝೂ ಆದ ಮೇಲೆ ಹೊರಗಿವಿಯನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಪ್ಲಗ್ ಹಾಕಬೇಕು. ಸ್ಪಂಜಿನ ಪ್ಲಗ್ ತೊಳೆದು ಬಳಸುವ ವಸ್ತುವಲ್ಲ, ಎಸೆದು ಹೊಸದು ತೆಗೆದುಕೊಳ್ಳಬೇಕು. ರಬ್ಬರಿನದಾದರೆ ದಿನಾ ಸಾಬೂನಿನಲ್ಲಿ ತೊಳೆದು ಒಣಗಿಸಬೇಕು. ಒಬ್ಬರದನ್ನು ಇನ್ನೊಬ್ಬರು ಹಾಕಬಾರದು. ಮಫ್‌ನ ಮೆತ್ತೆಯನ್ನು ಒರೆಸಬೇಕು, ಬಿರುಕು ಬಿಟ್ಟರೆ ಬದಲಿಸಬೇಕು. ಕಡ್ಡಿ, ಬಡ್ಸ್, ಬೈಕಿನ ಕೀ ಹಾಕಿ ಕೆರೆಯುವುದು ಬೇಡ. ಬಿಸಿ ಎಣ್ಣೆ ಬಿಡುವುದೂ ಬೇಡ, ಉಮ್ಮ ಹೇಳಿದರೂ ಬೇಡ.

ಪ್ರಯಾಣಿಕರಿಗೂ ಎರಡು ಮಾತು. ಹಾರುವಾಗ ವಿಮಾನದ ಒಳಗೆ ಸಾಮಾನ್ಯವಾಗಿ 80ರಿಂದ 85 ಡೆಸಿಬಲ್ ಇರುತ್ತದೆ, ಮೂರು ನಾಲ್ಕು ಗಂಟೆಯ ಗಲ್ಫ್ ಪ್ರಯಾಣಕ್ಕೆ ಅದು ಅಪಾಯವಲ್ಲ. ರೆಕ್ಕೆಗಿಂತ ಮುಂದಿನ ಸೀಟುಗಳಲ್ಲಿ ಕಡಿಮೆ, ಹಿಂದಿನವುಗಳಲ್ಲಿ ಹೆಚ್ಚು, ಯಾಕೆಂದರೆ ಜೆಟ್ ಗುಡುಗು ಹಿಂಬದಿಗೆ ಚೆಲ್ಲುತ್ತದೆ ಎಂದೆವಲ್ಲ. ಅಪಾಯ ಬರುವುದು ಆ ಸದ್ದನ್ನು ಸೋಲಿಸಲು ಇಯರ್‌ಫೋನಿನ ವಾಲ್ಯೂಮ್ ಏರಿಸಿದಾಗ. ಉಮ್ರಾಕ್ಕೆ ಹೋಗುವ ಹಿರಿಯರ ಕಿವಿಯಲ್ಲಿ ಶ್ರವಣಯಂತ್ರವಿದ್ದರೆ ವಿಮಾನ ಏರುವ ಹೊತ್ತಿಗೆ ಅದರ ಸದ್ದು ತಗ್ಗಿಸಿ ಕೊಡಿ. ಇಳಿಯುವಾಗ ಕಿವಿ ಕಟ್ಟಿ ನೋಯುವುದು ಸದ್ದಿನಿಂದಲ್ಲ, ಗಾಳಿಯ ಒತ್ತಡದಿಂದ. ಅದಕ್ಕೆ ಎಂಜಲು ನುಂಗುವುದು, ಮಗುವಿಗೆ ಹಾಲು ಕುಡಿಸುವುದು ಸಾಕು.

ಕಿವಿ ಹಾಳಾಗುತ್ತಿರುವುದಕ್ಕೆ ಮೊದಲ ಸೂಚನೆ ಕೇಳಿಸದಿರುವುದಲ್ಲ. ಕೆಲಸ ಬಿಟ್ಟು ರೂಮಿಗೆ ಬಂದಾಗ ಕಿವಿಯಲ್ಲಿ ಜೀರುಂಡೆಯ ಹಾಗೆ ಕಿಣಿಕಿಣಿ ಅನಿಸುತ್ತದೆ, ಬೆಳಿಗ್ಗೆ ಹೋಗುತ್ತದೆ. ಮುಂದೆ ಬೆಳಿಗ್ಗೆಯೂ ಹೋಗುವುದಿಲ್ಲ. ಎತ್ತರದ ಸ್ವರಗಳು ಮೊದಲು ಹೋಗುವುದರಿಂದ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಸ, ಶ, ಚ, ತ ಅಕ್ಷರಗಳು ಒಂದೇ ಆಗುತ್ತವೆ. ಮದುವೆ ಮನೆಯ ಗದ್ದಲದಲ್ಲಿ ಎದುರಿನವರು ಹೇಳಿದ್ದು ತಿಳಿಯದೆ ತಲೆಯಾಡಿಸುವುದು ಶುರುವಾಗುತ್ತದೆ. ರಜೆಗೆ ಬಂದ ಮಗ ಟೀವಿ ಜೋರು ಮಾಡುತ್ತಿದ್ದರೆ, ‘ಹಾಂ? ಹಾಂ?’ ಎಂದು ಎರಡೆರಡು ಸಲ ಕೇಳುತ್ತಿದ್ದರೆ, ಹೆಂಡತಿ ತಮಾಷೆ ಮಾಡಿ ಬಿಡಬಾರದು.

ಈ ಪರೀಕ್ಷೆಯ ಹೆಸರು ಆಡಿಯೋಮೆಟ್ರಿ. ಸೂಜಿಯಿಲ್ಲ, ನೋವಿಲ್ಲ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾಡುತ್ತಾರೆ. ಸದ್ದಿನಿಂದ ಆದ ಹಾನಿಯಾದರೆ ಬರುವ ಚಿತ್ರದಲ್ಲಿ 4,000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಗುಳಿ ಕಾಣುತ್ತದೆ, ವೈದ್ಯರು ಅದನ್ನು ನೋಡಿಯೇ ಗುರುತಿಸುತ್ತಾರೆ. ಅಂಗಳದ ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಮಾಡಿಸಿ ಆ ಕಾಗದವನ್ನು ಪಾಸ್‌ಪೋರ್ಟಿನ ಜೊತೆ ತೆಗೆದಿಡಬೇಕು. ಮುಂದೆ ವ್ಯತ್ಯಾಸವಾದರೆ ಕೆಲಸದಿಂದಲೇ ಆದದ್ದು ಎಂದು ತೋರಿಸಲು ಆ ಹಳೆಯ ಕಾಗದ ಬೇಕಾಗುತ್ತದೆ. ಮತ್ತೆ ಪ್ರತಿ ವರ್ಷ ರಜೆಯಲ್ಲಿ ಒಮ್ಮೆ. ವಿಮಾನ ಇಳಿದ ದಿನವೇ ಹೋಗಬೇಡಿ. ಪರೀಕ್ಷೆಗೆ ಮೊದಲು ಕನಿಷ್ಠ 14ರಿಂದ 16 ಗಂಟೆ ಕಿವಿಗೆ ಜೋರು ಸದ್ದು ಬಿದ್ದಿರಬಾರದು. ಮನೆಯಲ್ಲಿ ಒಂದು ರಾತ್ರಿ ಮಲಗಿ, ಮರುದಿನ ಬೆಳಿಗ್ಗೆ ಹೋಗಿ.